ಯಮ್ಮೆಲ್ಲೆಗೆ ‘ಎ’ ಹಾಕೋದೋ ‘ಆ್ಯನ್’ ಹಾಕೋದೋ?

“ಬಾಲದಲ್ಲಿ ಎಲ್‌ವೈ ಇದ್ರೆ ಅಡ್ವರ್ಬ್, ಇಲ್ದಿದ್ರೆ ಅಲ್ಲ. ಅಷ್ಟೇ ರೂಲು,” ಅಂತ ಹತ್ತನೇ ಕ್ಲಾಸಿನ ಸುಮಂತ ಧೈರ್ಯವಾಗಿ ಹೇಳಿಬಿಟ್ಟ.

ತೀರ್ಥಹಳ್ಳಿ ಕಡೆ ಕೊಯ್ಲಿನ ಕಾಲದಲ್ಲಿ ರಾತ್ರಿ ಅಡಿಕೆ ಸುಲಿಯಲು ಕೂತಾಗ ಬಾಯಿ ಸುಮ್ಮನಿದ್ದರೆ ಕೈಯೂ ಸುಮ್ಮನಾಗುತ್ತದೆ. ಹಾಗಾಗಿ ಯಾವ ವಿಷಯ ಸಿಕ್ಕಿದರೂ ಸಿಪ್ಪೆ ತೆಗೆಯುವುದೇ. ಅವತ್ತು ಸಿಕ್ಕಿದ್ದು ಇಂಗ್ಲಿಷ್ ಗ್ರಾಮರು. ರಾಯರು ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ಶಾರದಕ್ಕ ಹೈಸ್ಕೂಲಿನ ಕನ್ನಡ ಟೀಚರ್. ನಾಗೇಂದ್ರ ಜೀಪಿನವ. ಸೀತಣ್ಣ ತೋಟದ ಯಜಮಾನ, ಜೊತೆಗೆ ಯಾರೂ ಕೇಳದ ಪ್ರಶ್ನೆಗಳ ಸಗಟು ವ್ಯಾಪಾರಿ.

ರಾಯರು ಮೆಟ್ಟುಗತ್ತಿಯಿಂದ ಕಣ್ಣೆತ್ತದೆ ಕೇಳಿದರು. “ಹಂಗಾದ್ರೆ ಫ್ರೆಂಡ್ಲಿ ಎಂತದಾ?”

“ಅಡ್ವರ್ಬ್.”

“ಫ್ರೆಂಡ್ಲಿ ಡಾಗ್ ಅಂತೀವಿ. ಡಾಗ್ ನಾಮಪದ. ನಾಮಪದದ ಗುಣ ಹೇಳೋದು ಅಡ್ಜೆಕ್ಟಿವ್. ಫ್ರೆಂಡ್ಲಿ, ಲವ್ಲಿ, ಕಾಸ್ಟ್ಲಿ, ಎಲ್ಲಾ ಅಡ್ಜೆಕ್ಟಿವ್ವೇ. ಬಾಲ ನೋಡ್ಬೇಡ, ಬಾಲ ಯಾವುದಕ್ಕೆ ಅಂಟಿದೆ ನೋಡು. ಫ್ರೆಂಡ್, ಲವ್, ಕಾಸ್ಟ್ ಇವೆಲ್ಲ ನಾಮಪದ. ನಾಮಪದದ ಬೆನ್ನಿಗೆ ಎಲ್‌ವೈ ಬಿದ್ರೆ ಸಾಧಾರಣವಾಗಿ ಅಡ್ಜೆಕ್ಟಿವ್. ಸ್ಲೋ, ಕ್ವಿಕ್ ಥರದ ಅಡ್ಜೆಕ್ಟಿವ್ ಬೆನ್ನಿಗೆ ಬಿದ್ರೆ ಅಡ್ವರ್ಬ್, ಕೆಲಸ ಹೆಂಗೆ ನಡೀತು ಅಂತ ಹೇಳೋದು. ಅಗ್ಲಿ, ಸಿಲ್ಲಿ ಅನ್ನೋದ್ರಲ್ಲಿ ಅದು ಬಾಲವೇ ಅಲ್ಲ, ಮೈಯೇ ಹಂಗೆ.”

“ಮತ್ತೆ ಬಾಲ ಇಲ್ದೆ ಓಡಾಡೋ ಅಡ್ವರ್ಬ್ ಇದಾವಾ?” ಸೀತಣ್ಣ ಕೇಳಿದ.

“ಬೇಕಾದಷ್ಟು. ಫಾಸ್ಟ್, ಹಾರ್ಡ್, ವೆಲ್, ಸೂನ್. ‘ಹಿ ಡ್ರೈವ್ಸ್ ಫಾಸ್ಟ್’ ಅನ್ಬೇಕು. ಫಾಸ್ಟ್ಲಿ ಅನ್ನೋ ಪದ ಇಲ್ಲ. ಹಾರ್ಡ್‌ಗೆ ಬಾಲ ಸಿಕ್ಸಿದ್ರಂತೂ ಕತೆ ಮುಗೀತು. ‘ಹಿ ವರ್ಕ್ಸ್ ಹಾರ್ಡ್’ ಅಂದ್ರೆ ಮೈ ಮುರಿದು ದುಡೀತಾನೆ. ‘ಹಿ ಹಾರ್ಡ್ಲಿ ವರ್ಕ್ಸ್’ ಅಂದ್ರೆ ಕೆಲಸ ಮಾಡೋದೇ ಅಪರೂಪ.”

ಸೀತಣ್ಣ ಮೂಲೆಯಲ್ಲಿ ಫೋನ್ ಹಿಡಿದು ಕೂತಿದ್ದ ಒಬ್ಬ ಆಳಿನ ಕಡೆ ನೋಡಿ, “ನಮ್ಮಲ್ಲಿ ಎರಡನೇ ನಮೂನೆ ಒಂದಿದೆ,” ಅಂದ.

ನಾಗೇಂದ್ರನಿಗೆ ಈ ಮಾತು ಹಿಡಿಸಿತು. “ಅಂದ್ರೆ ಪದದ ಮುಖ ನೋಡಿ ಜಾತಿ ಹೇಳೋ ಹಂಗಿಲ್ಲ ಅನ್ನಿ.”

“ಇಂಗ್ಲಿಷಲ್ಲಿ ಪದಕ್ಕೆ ಹುಟ್ಟು ಜಾತಿ ಕಡಿಮೆ, ಮಾಡೋ ಕೆಲಸದ ಮೇಲೆ ಜಾತಿ. ನಿಂದೇ ಉದಾಹರಣೆ ತಗೋ. ‘ಮೈ ಬ್ಯಾಕ್ ಏಕ್ಸ್’ ಅಂದ್ರೆ ಬೆನ್ನು, ನೌನ್. ‘ಬ್ಯಾಕ್ ಡೋರ್’ ಅಂದ್ರೆ ಬಾಗಿಲಿನ ಗುಣ ಹೇಳ್ತು, ಅಡ್ಜೆಕ್ಟಿವ್. ‘ಕಮ್ ಬ್ಯಾಕ್’ ಅಂದ್ರೆ ಎಲ್ಲಿಗೆ ಬರೋದು ಅಂತ ಕ್ರಿಯಾಪದಕ್ಕೆ ಹೇಳ್ತು, ಅಡ್ವರ್ಬ್. ‘ಬ್ಯಾಕ್ ದ ಜೀಪ್’ ಅಂದ್ರೆ ಹಿಂದೆ ತಗೋ ಅಂತ, ವರ್ಬ್. ನಾಲ್ಕು ಅಕ್ಷರದ ಒಂದೇ ಪದ, ನಾಲ್ಕು ಕೆಲಸ.”

“ಗದ್ದೆ ದಾರೀಲಿ ನಾನು ‘ಬ್ಯಾಕ್ ಬ್ಯಾಕ್ ಬ್ಯಾಕ್’ ಅಂತ ಕೂಗ್ತೀನಲ್ಲ, ಅದು ಎಂತದು?”

“ಅದು ಅಯ್ಯೋ, ಆಹಾ ಥರದ ಇಂಟರ್ಜೆಕ್ಷನ್ನು, ಜೊತೆಗೆ ಪ್ರಾರ್ಥನೆ,” ಅಂದರು ಶಾರದಕ್ಕ. ರಾಯರು ಮೊದಲರ್ಧಕ್ಕೆ ತಕರಾರು ಎತ್ತಲು ಬಾಯಿ ತೆರೆದರು. ಉಳಿದವರು ನಗುತ್ತಿದ್ದರು. ಸುಮ್ಮನಾದರು.

ಸುಮಂತನ ಪುಸ್ತಕದಲ್ಲಿ ಪಾರ್ಟ್ಸ್ ಆಫ್ ಸ್ಪೀಚ್ ಎಂಟು. ಟ್ಯೂಷನ್ನಿನಲ್ಲಿ ಒಂಬತ್ತು ಅಂದಿದ್ದಾರಂತೆ. ಯಾವುದು ಸರಿ?

“ಎರಡೂ ಸರಿ. ಎಂಟು ಅನ್ನೋ ಲೆಕ್ಕ ಇಂಗ್ಲಿಷಿನದ್ದೇ ಅಲ್ಲ, ಗ್ರೀಕರದ್ದು. ಕ್ರಿಸ್ತಪೂರ್ವದಲ್ಲೇ ಅವರು ಪದಗಳನ್ನ ಎಂಟು ಭಾಗ ಮಾಡಿ ಇಟ್ಟಿದ್ರು. ಅದ್ರಲ್ಲಿ ಆರ್ಟಿಕಲ್ ಒಂದು. ಲ್ಯಾಟಿನ್ನವರು ಆ ಪಟ್ಟಿ ತಗೊಂಡ್ರು, ಆದ್ರೆ ಲ್ಯಾಟಿನ್ ಭಾಷೇಲಿ ಆರ್ಟಿಕಲ್ಲೇ ಇಲ್ಲ. ಒಂದು ಸೀಟು ಖಾಲಿ ಬಿತ್ತು. ಎಂಟರ ಲೆಕ್ಕ ತಪ್ಪಬಾರ್ದು ಅಂತ ಇಂಟರ್ಜೆಕ್ಷನ್ನನ್ನ ತಂದು ಕೂರಿಸಿದ್ರು. ಮಜಾ ಅಂದ್ರೆ ಇಬ್ಬರ ಪಟ್ಟಿಯಲ್ಲೂ ಅಡ್ಜೆಕ್ಟಿವ್ ಬೇರೆ ಇಲ್ಲ, ನಾಮಪದದ ಒಳಗೇ ಇತ್ತು. ಇಂಗ್ಲಿಷಿನವರು ಅದನ್ನ ಬೇರೆ ಮಾಡಿದ್ರು, ಡ್ರೈವಿಂಗ್, ಈಟನ್ ಥರದ ಪಾರ್ಟಿಸಿಪಲ್ಲನ್ನ ವರ್ಬಿನ ಒಳಗೆ ಸೇರಿಸಿದ್ರು. ಎ, ಆ್ಯನ್, ದ ಮೂರನ್ನೂ ಅಡ್ಜೆಕ್ಟಿವ್ ಲೆಕ್ಕಕ್ಕೆ ಹಾಕಿದ್ರೆ ಎಂಟು, ಆರ್ಟಿಕಲ್ ಅಂತ ಬೇರೆ ಇಟ್ರೆ ಒಂಬತ್ತು. ಈಗಿನವರು ಅವನ್ನ ಡಿಟರ್ಮಿನರ್ ಅಂತಾರೆ, ದಿಸ್, ಮೈ, ಸಮ್ ಎಲ್ಲ ಅದೇ ಗುಂಪಿಗೆ.”

“ಕನ್ನಡದಲ್ಲಿ ನಾಮಪದ, ಕ್ರಿಯಾಪದ, ಅವ್ಯಯ. ಮೂರರಲ್ಲಿ ಸಂಸಾರ ಮುಗೀತು,” ಅಂದರು ಶಾರದಕ್ಕ. “ಲಿಂಗ, ವಚನ, ವಿಭಕ್ತಿ ಹತ್ತಿದ್ರೆ ನಾಮಪದ. ಕಾಲ ಹತ್ತಿದ್ರೆ ಕ್ರಿಯಾಪದ. ಎಂತದೂ ಹತ್ತದಿದ್ರೆ ಅವ್ಯಯ.”

“ನಮ್ಮ ಅಣ್ಣನ ಮಗ ಅವ್ಯಯ,” ಅಂದ ಸೀತಣ್ಣ.

ಆರ್ಟಿಕಲ್ ಎಂಬ ಶಬ್ದ ಬಂದದ್ದೇ ತಡ ನಾಗೇಂದ್ರ ನೆಟ್ಟಗೆ ಕೂತ. ಮೂರು ಪದ ಇಟ್ಟುಕೊಂಡು ಇಷ್ಟು ಕಾಟ ಕೊಡುವ ಭಾಷೆ ಇನ್ನೊಂದಿಲ್ಲ ಎಂಬುದು ಅವನ ದೂರು. ವವಲ್ ಇದ್ದರೆ ಆ್ಯನ್, ಇಲ್ಲದಿದ್ದರೆ ಎ, ಅಲ್ಲಿಗೆ ಮುಗಿಯಬೇಕಿತ್ತಲ್ಲ?

“ಅಕ್ಷರ ಅಲ್ಲ, ಧ್ವನಿ,” ರಾಯರು ಸುಲಿದ ಅಡಿಕೆಯನ್ನು ಬುಟ್ಟಿಗೆ ಎಸೆದರು. “ಎಚ್ ಅಕ್ಷರ ಇದ್ರೂ ಅವರ್ ಅಂತ ಸ್ವರದಿಂದ ಶುರು, ಆದ್ರಿಂದ ‘ಆ್ಯನ್ ಅವರ್’. ಯು ಅಕ್ಷರ ಇದ್ರೂ ಯೂನಿವರ್ಸಿಟಿ ಅಂತ ಯಕಾರದಿಂದ ಶುರು, ಆದ್ರಿಂದ ‘ಎ ಯೂನಿವರ್ಸಿಟಿ’. ಓ ಇದ್ರೂ ‘ಎ ಒನ್ ರುಪೀ ಕಾಯಿನ್’, ಯಾಕಂದ್ರೆ ಅದು ವನ್, ವಕಾರ. ‘ಆ್ಯನ್ ಎಸ್ಎಸ್ಎಲ್‌ಸಿ ಸ್ಟೂಡೆಂಟ್’, ಆದ್ರೆ ‘ಎ ಸ್ಕೂಲ್ ಸ್ಟೂಡೆಂಟ್’. ಎಸ್ ಒಂದೇ, ಬಾಯಲ್ಲಿ ಬರೋದು ಬೇರೆ.”

“ಎಂಎಲ್ಎ?”

“ಆ್ಯನ್ ಎಂಎಲ್ಎ.”

“ರಾಯ್ರೇ, ನಮ್ಮೂರಲ್ಲಿ ಯಾರು ಎಂಎಲ್ಎ ಅಂತಾರೆ? ಯಮ್ಮೆಲ್ಲೆ ಅಲ್ದಾ?”

ಕತ್ತಿಗಳು ಒಂದು ಕ್ಷಣ ನಿಂತವು. ಇದು ಕುಚೋದ್ಯವೂ ಹೌದು, ಗಟ್ಟಿ ಪ್ರಶ್ನೆಯೂ ಹೌದು. ಕನ್ನಡದ ನಾಲಿಗೆ ಪದದ ಮೊದಲಿನ ಎಕಾರಕ್ಕೆ ಒಂದು ಯಕಾರ ಸವರುತ್ತದೆ, ಒಕಾರಕ್ಕೆ ವಕಾರ. ಎಗ್ಗು ಯೆಗ್ಗಾಗುತ್ತದೆ, ಓನ್ಲಿ ವೋನ್ಲಿ ಆಗುತ್ತದೆ. ರಾಯರು ಯೋಚಿಸಿ ತೀರ್ಪು ಕೊಟ್ಟರು. “ನಿನ್ನ ಬಾಯಲ್ಲಿ ಅದು ನಿಜವಾಗ್ಲೂ ಯಮ್ಮೆಲ್ಲೆ ಆಗಿದ್ರೆ, ರೂಲಿನ ಪ್ರಕಾರ ‘ಎ ಯಮ್ಮೆಲ್ಲೆ’ಯೇ ಸರಿ. ನಮ್ಮ ಹುಡುಗರು ‘ಎ ಯೆಗ್’ ಅಂತ ತಪ್ಪು ಬರೆಯೋದಕ್ಕೆ ಕಾರಣ ದಡ್ಡತನ ಅಲ್ಲ, ಅವರ ಕಿವಿ ಸರಿಯಾಗೇ ಇದೆ. ಉಚ್ಚಾರಣೆ ತಿದ್ದಿ, ಆರ್ಟಿಕಲ್ ತಾನೇ ತಿದ್ಕೊಳ್ತದೆ. ಕಡೆಗೆ ಪರೀಕ್ಷೇಲಿ ಮಾತ್ರ ಆ್ಯನ್ ಬರಿ ಮಾರಾಯ.”

“ಹಂಗಾದ್ರೆ ದ?”

ಇದಕ್ಕೆ ರಾಯರು ಬೇರೆ ಎಲ್ಲಿಗೂ ಹೋಗಲಿಲ್ಲ, ಜಿಲ್ಲೆಯ ನಕಾಶೆಯನ್ನೇ ಬಿಡಿಸಿದರು. ನದಿಗೆ ದ ಬೇಕು: ದ ತುಂಗಾ, ದ ಭದ್ರಾ, ದ ಶರಾವತಿ. ಊರಿಗೆ ಬೇಡ: ಆಗುಂಬೆ, ಸಾಗರ, ಹೊಸನಗರ. ಒಂಟಿ ಬೆಟ್ಟಕ್ಕೆ ಬೇಡ: ಕೊಡಚಾದ್ರಿ. ಬೆಟ್ಟಸಾಲಿಗೆ ಬೇಕು: ದ ವೆಸ್ಟರ್ನ್ ಘಾಟ್ಸ್. ಜಲಪಾತದ ಹೆಸರಿಗೆ ಸಾಮಾನ್ಯವಾಗಿ ಬೇಡ: ಜೋಗ್ ಫಾಲ್ಸ್. ಶಿವಮೊಗ್ಗದ ಬಿ.ಎಚ್. ರೋಡಿಗೂ ಬೇಡ. ವಿಶ್ವವಿದ್ಯಾಲಯದ ಹೆಸರು ವ್ಯಕ್ತಿಯಿಂದ ಶುರುವಾದರೆ ಬೇಡ, ಕುವೆಂಪು ಯೂನಿವರ್ಸಿಟಿ. ನಡುವೆ ಆಫ್ ನುಗ್ಗಿದರೆ ಬೇಕು, ದ ಯೂನಿವರ್ಸಿಟಿ ಆಫ್ ಮೈಸೂರ್.

“ಕುವೆಂಪು ಅಂದಿದ್ದಕ್ಕೆ ನೆನಪಾಯ್ತು,” ಅಂದರು ಶಾರದಕ್ಕ. “ನಮ್ಮ ಕುಪ್ಪಳ್ಳಿಯವರು ಮೊದಲು ಪದ್ಯ ಬರೆದಿದ್ದು ಇಂಗ್ಲಿಷಲ್ಲೇ. ಜೇಮ್ಸ್ ಕಸಿನ್ಸ್ ಅನ್ನೋ ಐರಿಷ್ ಕವಿ ಅದನ್ನ ನೋಡಿ, ನಿಮ್ಮ ಭಾಷೇಲಿ ಬರೀರಿ ಅಂದ್ರು.”

“ಆ ಪುಣ್ಯಾತ್ಮ ನಮ್ಮ ಸುಮಂತನ ಪ್ರಶ್ನೆಪತ್ರಿಕೆ ತೆಗೆಯೋರಿಗೂ ಒಂದು ಮಾತು ಹೇಳಿ ಹೋಗಿದ್ರೆ!” ಎಂದ ಸೀತಣ್ಣ.

ಅಬೌಟ್, ಫಾರ್, ಟು ಥರದ ಪ್ರಿಪೊಸಿಷನ್ ಬಂದಾಗ ರಾಯರ ದನಿ ಸ್ವಲ್ಪ ಏರಿತು. ನಾಡಿಗೆ ನಾಡೇ ‘ಡಿಸ್ಕಸ್ ಅಬೌಟ್’ ಎನ್ನುತ್ತದಂತೆ. ಕನ್ನಡದಲ್ಲಿ ‘ಅದರ ಬಗ್ಗೆ ಚರ್ಚಿಸು’ ಎಂದು ಬಗ್ಗೆ ಬೇಕಲ್ಲ, ಆ ಬಗ್ಗೆ ಇಂಗ್ಲಿಷಿಗೂ ಗಂಟುಬಿದ್ದಿದೆ. ಡಿಸ್ಕಸ್, ರೀಚ್, ಅಪ್ರೋಚ್, ರಿಸೆಂಬಲ್ ಇವು ಕರ್ಮವನ್ನು ನೇರವಾಗಿ ಹಿಡಿಯುತ್ತವೆ, ಮಧ್ಯೆ ದಲ್ಲಾಳಿ ಬೇಡ. “ಆದ್ರೆ ಅದೇ ಪದ ನಾಮಪದ ಆದ ಕೂಡ್ಲೆ ದಲ್ಲಾಳಿ ಬೇಕಾಗ್ತಾನೆ. ‘ವಿ ಡಿಸ್ಕಸ್ಡ್ ದ ಪ್ರೈಸ್’, ಆದ್ರೆ ‘ಎ ಡಿಸ್ಕಷನ್ ಅಬೌಟ್ ದ ಪ್ರೈಸ್’. ‘ಐ ರಿಕ್ವೆಸ್ಟೆಡ್ ಲೀವ್’, ಆದ್ರೆ ‘ಮೈ ರಿಕ್ವೆಸ್ಟ್ ಫಾರ್ ಲೀವ್’. ನೌನಿಂದ ನೋಡಿ ವರ್ಬಿಗೂ ಅಂಟಿಸ್ತಾರೆ, ತಪ್ಪಿನ ಬೇರು ಅಲ್ಲಿರೋದು.”

“ವಾಕ್ಯದ ಕೊನೇಲಿ ಪ್ರಿಪೊಸಿಷನ್ ಬರಬಾರ್ದು ಅಂತ ಟ್ಯೂಷನ್ ಸರ್ ಹೇಳಿದಾರೆ,” ಅಂದ ಸುಮಂತ.

“ಆ ಪುಕಾರು ಶುರು ಮಾಡಿದ್ದು ಜಾನ್ ಡ್ರೈಡನ್ ಅನ್ನೋ ಕವಿ, 1672ರಲ್ಲಿ, ಬೆನ್ ಜಾನ್ಸನ್‌ನ ವಾಕ್ಯ ಹಿಡ್ಕೊಂಡು. ಆಮೇಲೆ 1762ರಲ್ಲಿ ರಾಬರ್ಟ್ ಲೌತ್ ಅಂತ, ಮುಂದೆ ಲಂಡನ್ನಿನ ಬಿಷಪ್ ಆದವರು, ವ್ಯಾಕರಣ ಬರೆದ್ರು. ಹಿಂಗೆ ಕೊನೆಗೆ ಹಾಕೋ ಚಾಳಿಯ ಬಗ್ಗೆ ಅವರು ಬರೆದಿದ್ದು ಏನು ಗೊತ್ತಾ? ‘ದಿಸ್ ಈಸ್ ಆ್ಯನ್ ಇಡಿಯಮ್, ವಿಚ್ ಅವರ್ ಲ್ಯಾಂಗ್ವೇಜ್ ಈಸ್ ಸ್ಟ್ರಾಂಗ್ಲಿ ಇನ್‌ಕ್ಲೈನ್ಡ್ ಟು.’”

ಕೊನೆಯ ಟು ಎಲ್ಲರಿಗೂ ಕೇಳಿಸಿತು. ನಾಗೇಂದ್ರನಿಗೆ ಅರ್ಧ ನಿಮಿಷ ತಡವಾಗಿ ಕೇಳಿಸಿತು, ಆಮೇಲೆ ಅವನೊಬ್ಬನೇ ನಕ್ಕ.

“ಅದಕ್ಕಿಂತ ದೊಡ್ಡ ಅನಾಹುತ ಪಾರ್ಟಿಸಿಪಲ್ಲಲ್ಲಿ ಆಗ್ತದೆ,” ರಾಯರು ಮುಂದುವರಿಸಿದರು. “‘ಡ್ರೈವಿಂಗ್ ಡೌನ್ ಆಗುಂಬೆ ಘಾಟ್, ಎ ವೈಲ್ಡ್ ಗೌರ್ ವಾಸ್ ಸೀನ್’ ಅಂತ ಬರೀತಾರೆ. ಇದರರ್ಥ ಏನು?”

“ಘಾಟಿ ಇಳೀತಾ ಕಾಡುಕೋಣ ಕಂಡಿತು. ಸರಿ ಉಂಟಲ್ಲ?”

“ಕನ್ನಡದಲ್ಲಿ ಸರಿ. ನಮಗೆ ಕಂಡಿತು ಅಂತ ಓದುವವರೇ ತುಂಬ್ಕೊಳ್ತಾರೆ. ಇಂಗ್ಲಿಷಲ್ಲಿ ಡ್ರೈವಿಂಗ್ ಯಾರು ಮಾಡಿದ್ದು ಅಂತ ಹುಡುಕಿದ್ರೆ ಕಾಮಾ ಆದ್ಮೇಲೆ ಬರೋ ಸಬ್ಜೆಕ್ಟನ್ನೇ ಹಿಡೀಬೇಕು. ಅಲ್ಲಿರೋದು ಕಾಡುಕೋಣ.”

“ಅಂದ್ರೆ ಸ್ಟೇರಿಂಗ್ ಹಿಡಿದಿದ್ದು ಕಾಡುಕೋಣ!” ನಾಗೇಂದ್ರ ಎದೆ ತಟ್ಟಿಕೊಂಡ. “ಹೇರ್‌ಪಿನ್ನಲ್ಲಿ ಎದುರು ಬರೋ ಕೆಲವರನ್ನ ನೋಡಿದ್ರೆ ಆ ವಾಕ್ಯ ತಪ್ಪು ಅನ್ನಿಸೋದಿಲ್ಲ ರಾಯ್ರೇ.”

ರಿಪೇರಿ ಎರಡು ನಮೂನೆ. ಕಾಮಾದ ನಂತರ ನಿಜವಾದ ಕರ್ತೃವನ್ನು ತರುವುದು: ಡ್ರೈವಿಂಗ್ ಡೌನ್ ದ ಘಾಟ್, ವಿ ಸಾ ಎ ಗೌರ್. ಇಲ್ಲವೇ ಕಾಮಾಕ್ಕಿಂತ ಮೊದಲಿನ ತುಂಡಿಗೇ ಕರ್ತೃ ಕೊಡುವುದು: ವೆನ್ ವಿ ವರ್ ಡ್ರೈವಿಂಗ್ ಡೌನ್. ಇಂಗ್‌ನಿಂದ ಶುರುವಾಗುವ ವಾಕ್ಯ ಬರೆದಾಗಲೆಲ್ಲ ಕಾಮಾ ದಾಟಿದ ಮೊದಲ ಹೆಸರು ಯಾರದು ಎಂದು ಒಮ್ಮೆ ನೋಡಿದರೆ ಸಾಕು.

ಪ್ಯಾಸಿವ್ ವಾಯ್ಸಿಗೆ, ಅಂದರೆ ಕರ್ಮಣಿ ಪ್ರಯೋಗಕ್ಕೆ, ಉದಾಹರಣೆಯಾಗಿ ಮಂಗಗಳು ಬಂದವು. ಮಲೆನಾಡಿನಲ್ಲಿ ಬಾಳೆಗೊನೆ ಇದ್ದಲ್ಲಿ ಅವು ಕರೆಯದೆ ಬರುತ್ತವೆ. ‘ಮಂಕೀಸ್ ಈಟ್ ದ ಬನಾನಾಸ್.’ ಕರ್ಮ ಯಾವುದು ಹುಡುಕು: ಬನಾನಾಸ್. ಅದನ್ನು ಮುಂದೆ ತಾ. ಮೂಲ ವಾಕ್ಯದ ಕಾಲದಲ್ಲೇ ಬಿ ವರ್ಬ್ ಹಾಕು. ಈಟ್‌ನ ಮೂರನೇ ರೂಪ ಹಾಕು. ಬೇಕಿದ್ದರೆ ಬೈ ಹಾಕಿ ಮಂಗಗಳನ್ನು ಹಿಂದೆ ಕಟ್ಟು. ಆರ್ ಈಟನ್, ವರ್ ಈಟನ್, ಹ್ಯಾವ್ ಬೀನ್ ಈಟನ್, ವಿಲ್ ಬಿ ಈಟನ್. ಹುಡುಗರು ಬೀಳುವ ಗುಂಡಿ ಕಂಟಿನ್ಯೂಯಸ್ಸಿನಲ್ಲಿ: ಆರ್ ಈಟಿಂಗ್ ಇದ್ದರೆ ‘ಆರ್ ಬೀಯಿಂಗ್ ಈಟನ್’ ಆಗಬೇಕು, ಬೀಯಿಂಗ್ ಬಿಟ್ಟರೆ ಕಾಲವೇ ಬದಲಾಗುತ್ತದೆ.

“ಯಾವ ಟೆನ್ಸ್ ಹಾಕಿದ್ರೂ ಗೊನೆ ಹೋಗೋದು ಹೋಯ್ತಲ್ಲ,” ಎಂದ ಸೀತಣ್ಣ. “ಇರ್ಲಿ, ‘ಇಟ್ ರೇನ್ಸ್’ ಅನ್ನೋದನ್ನ ಪ್ಯಾಸಿವ್ ಮಾಡಿ ನೋಡ್ವ.”

“ಆಗೋದಿಲ್ಲ. ಕರ್ಮ ಇಲ್ಲ. ಕಮ್, ಗೋ, ಸ್ಲೀಪ್ ಎಲ್ಲ ಅದೇ ಥರ, ಅಕರ್ಮಕ.”

“ಮಳೆ ಯಾರ ಕೈಗೂ ಸಿಗೋದಲ್ಲ ಬಿಡಿ.”

ಶಾರದಕ್ಕನಿಗೆ ಬೇರೆ ಸಿಟ್ಟಿತ್ತು. ಪ್ಯಾಸಿವ್ ಇರುವುದು ಯಾರು ಮಾಡಿದರೆಂದು ಗೊತ್ತಿಲ್ಲದಾಗ, ಅಥವಾ ಗೊತ್ತಿದ್ದೂ ಹೇಳಲು ಇಷ್ಟವಿಲ್ಲದಾಗ. ಇಂಗ್ಲಿಷಿನಿಂದ ಕನ್ನಡ ಅದನ್ನು ಕಡ ತಂದು ಬೋರ್ಡುಗಳಲ್ಲಿ ಹಾಕಿಬಿಟ್ಟಿದೆ: ‘ರಸ್ತೆಯನ್ನು ಶೀಘ್ರದಲ್ಲಿ ದುರಸ್ತಿ ಮಾಡಲಾಗುವುದು.’ ಯಾರಿಂದ? ಯಾವಾಗ? “ಆ ‘ಲಾಗುವುದು’ ಹಿಂದೆ ಒಂದು ಇಡೀ ಇಲಾಖೆ ಅಡಗಿ ಕೂರಬಹುದು,” ಅಂದರು. ನಾಗೇಂದ್ರ ಆ ಬೋರ್ಡಿನ ಪಕ್ಕದ ಗುಂಡಿಗಳ ವಿಳಾಸ ಹೇಳಲು ಶುರು ಮಾಡಿದ. ತಡೆದೆವು.

ವಾಕ್ಯದ ಬಾಲಕ್ಕೆ ಅಂಟುವ ಪುಟ್ಟ ಪ್ರಶ್ನೆ, ಅಂದರೆ ಕ್ವೆಶ್ಚನ್ ಟ್ಯಾಗ್ ಬಗ್ಗೆ ನಮ್ಮವರಿಗೆ ಇರುವ ತಾತ್ಸಾರ ಅರ್ಥವಾಗುವಂಥದ್ದೇ. ಇಲ್ಲಿ ಒಂದು ‘ಅಲ್ದಾ’ ಇದ್ದರೆ ಜೀವನ ಸಾಗುತ್ತದೆ. ಬಂದ ಅಲ್ದಾ, ಬರ್ಲಿಲ್ಲ ಅಲ್ದಾ, ಮಳೆ ಅಲ್ದಾ. ಹಾಗಾಗಿ ಇಂಗ್ಲಿಷಿನಲ್ಲೂ ಎಲ್ಲದಕ್ಕೂ ‘ಈಸಂಟ್ ಇಟ್’. ರಾಯರು ಸುಮಂತನಿಗೆ ಮೂರು ಗಂಟು ಹಾಕಿಕೊಟ್ಟರು. ಸಹಾಯಕ ಕ್ರಿಯಾಪದ ಹುಡುಕು, ಇಲ್ಲದಿದ್ದರೆ ಡು, ಡಸ್, ಡಿಡ್ ತಾ. ವಾಕ್ಯ ಹೌದು ಅಂದರೆ ಟ್ಯಾಗ್ ಇಲ್ಲ ಅನ್ನಬೇಕು, ಇಲ್ಲ ಅಂದರೆ ಹೌದು ಅನ್ನಬೇಕು. ಕೊನೆಗೆ ಸರ್ವನಾಮ. ‘ಇಟ್ ರೇನ್ಸ್ ಹಿಯರ್, ಡಸಂಟ್ ಇಟ್?’

“ಹೀಸ್ ಅಂತ ಕುಗ್ಗಿಸಿ ಬರೆದಲ್ಲಿ ಹುಷಾರು. ‘ಹೀಸ್ ಗೋಯಿಂಗ್’ ಅಂದ್ರೆ ಈಸ್, ಟ್ಯಾಗ್ ‘ಈಸಂಟ್ ಹಿ’. ‘ಹೀಸ್ ಗಾನ್’ ಅಂದ್ರೆ ಹ್ಯಾಸ್, ಟ್ಯಾಗ್ ‘ಹ್ಯಾಸಂಟ್ ಹಿ’. ಐ ಆ್ಯಮ್ ಬಂದ್ರೆ ‘ಆರಂಟ್ ಐ’. ಲೆಟ್ಸ್ ಬಂದ್ರೆ ‘ಷಲ್ ವಿ’. ನೋಬಡಿ ಬಂದ್ರೆ ‘ಡಿಡ್ ದೇ’ ಥರ ದೇ ಬರ್ಬೇಕು, ಹೌದು ರೂಪದಲ್ಲಿ. ಫ್ಯೂ ಅಂದ್ರೆ ಇಲ್ಲದ ಲೆಕ್ಕ, ಎ ಫ್ಯೂ ಅಂದ್ರೆ ಇರೋ ಲೆಕ್ಕ. ಹಾರ್ಡ್ಲಿ ಬಂದ್ರೆ?”

“ನೆಗೆಟಿವ್ ಲೆಕ್ಕ. ‘ಹಿ ಹಾರ್ಡ್ಲಿ ವರ್ಕ್ಸ್, ಡಸ್ ಹಿ?’” ಸುಮಂತ ಮೂಲೆಯ ಕಡೆ ನೋಡಿಯೇ ಹೇಳಿದ. ಮೂಲೆಯವ ಫೋನ್ ಜೇಬಿಗೆ ಹಾಕಿ ಕತ್ತಿ ಎಳೆದುಕೊಂಡ. ವ್ಯಾಕರಣದಿಂದ ಇಂಥ ಫಲಿತಾಂಶ ಅಪರೂಪ.

ಒಳಗಿಂದ ಕಷಾಯ ಬಂತು, ಇಂಗ್ಲಿಷಿನ ಅಲಂಕಾರ, ಅಂದರೆ ಫಿಗರ್ಸ್ ಆಫ್ ಸ್ಪೀಚೂ ಅದರ ಹಿಂದೆಯೇ ಬಂತು. ಸುಮಂತನ ಪಟ್ಟಿಯಲ್ಲಿ ಹದಿನಾರು ಹೆಸರಿದ್ದವು. ಸಿಮಿಲಿ ಸುಲಭ ಎಂದ, ಲೈಕ್ ಅಥವಾ ಆ್ಯಸ್ ಇದ್ದರೆ ಸಿಮಿಲಿ.

“ಮತ್ತೆ ಮುಖ ನೋಡ್ತಿಯಲ್ಲ!” ರಾಯರು ಲೋಟ ಕೆಳಗಿಟ್ಟರು. “‘ಐ ಲೈಕ್ ಕಷಾಯ’ ಸಿಮಿಲಿಯಾ? ‘ಸುಮಂತ ಈಸ್ ಆ್ಯಸ್ ಟಾಲ್ ಆ್ಯಸ್ ಹಿಸ್ ಬ್ರದರ್’ ಸಿಮಿಲಿಯಾ? ಅಲ್ಲ, ಅದು ಬರೀ ಅಳತೆ. ಎರಡು ಬೇರೆ ಜಾತಿಯ ವಸ್ತು ಬೇಕು, ಹೋಲಿಕೆ ಕಲ್ಪನೆಯಿಂದ ಹುಟ್ಟಬೇಕು. ಅಡಿಕೆ ಮರದಷ್ಟು ಎತ್ತರ ಅಂದ್ರೆ ಸಿಮಿಲಿ, ಜೊತೆಗೆ ಹೈಪರ್ಬೊಲಿ, ಅತಿಶಯೋಕ್ತಿ. ಒಂದೇ ವಾಕ್ಯದಲ್ಲಿ ಎರಡು ಇರಬಾರ್ದು ಅಂತ ಕಾನೂನಿಲ್ಲ.”

“ಇದಕ್ಕೆ ನಮ್ಮ ಉಪಮೆಯ ಲೆಕ್ಕವೇ ಚೊಕ್ಕ,” ಶಾರದಕ್ಕ ಬಿಡಲಿಲ್ಲ. “ತುಂಗೆಯ ನೀರು ಸಕ್ಕರೆಯಂತೆ ಸಿಹಿ. ತುಂಗೆಯ ನೀರು ಉಪಮೇಯ, ಸಕ್ಕರೆ ಉಪಮಾನ, ಸಿಹಿ ಸಮಾನಧರ್ಮ, ಅಂತೆ ಉಪಮಾವಾಚಕ. ನಾಲ್ಕೂ ಇದ್ರೆ ಪೂರ್ಣೋಪಮೆ, ಒಂದು ಕಳೆದ್ರೂ ಲುಪ್ತೋಪಮೆ. ಉಪಮೇಯ, ಉಪಮಾನ ಎರಡೂ ಒಂದೇ ಅಂತ ಬಿಟ್ರೆ ರೂಪಕ, ನಿಮ್ಮ ಮೆಟಫರ್. ಇಂಗ್ಲಿಷಲ್ಲಿ ಈ ಭಾಗಗಳಿಗೆ ಹೆಸರಾದ್ರೂ ಉಂಟಾ?”

“ಉಂಟು, ಟೆನರ್ ಮತ್ತೆ ವೆಹಿಕಲ್. ಐ.ಎ. ರಿಚರ್ಡ್ಸ್ 1936ರಲ್ಲಿ ಇಟ್ಟಿದ್ದು.”

“ವೆಹಿಕಲ್ಲು! ಕಡೆಗೂ ನಮ್ಮ ಡಿಪಾರ್ಟ್‌ಮೆಂಟಿಗೆ ಬಂತು,” ನಾಗೇಂದ್ರ ಕೈ ಎತ್ತಿದ. “ಯಾರು ವೆಹಿಕಲ್, ಸಕ್ಕರೆಯಾ ತುಂಗೆಯಾ?”

“ಸಕ್ಕರೆ. ಅರ್ಥ ಹೊತ್ತು ತರೋದು ಅದು.”

ನಿನ್ನ ಜೀಪಿಗೆ ಸಂಬಂಧಪಟ್ಟದ್ದು ಇನ್ನೊಂದಿದೆ ಎಂದು ರಾಯರು ಟ್ರಾನ್ಸ್‌ಫರ್ಡ್ ಎಪಿಥೆಟ್ ತೆಗೆದರು. ಸುಮಂತ ಪಠ್ಯದ ಸ್ಲೀಪ್‌ಲೆಸ್ ನೈಟ್ ಹೇಳಿದ. ನಿದ್ದೆ ಇಲ್ಲದ್ದು ರಾತ್ರಿಗಲ್ಲ, ಮಲಗಿದವನಿಗೆ. ವಿಶೇಷಣ ಮನುಷ್ಯನಿಂದ ಜಾರಿ ಪಕ್ಕದ ನಾಮಪದಕ್ಕೆ ಕೂತಿದೆ. “ಘಾಟಿಯಲ್ಲಿ ಬ್ಲೈಂಡ್ ಕರ್ವ್ ಅಂತ ಬೋರ್ಡ್ ಇರ್ತದಲ್ಲ, ಕರ್ವಿಗೆ ಕಣ್ಣೆಲ್ಲಿಂದ ಬರ್ಬೇಕು? ಎದುರು ಕಾಣದೇ ಇರೋದು ಡ್ರೈವರಿಗೆ.” ಪರ್ಸಾನಿಫಿಕೇಷನ್ ಜೊತೆ ಗೊಂದಲವಾಗುವುದು ಇಲ್ಲೇ. ವಸ್ತುವೇ ಮನುಷ್ಯನ ಹಾಗೆ ನಡೆದುಕೊಂಡರೆ, ಗಾಳಿ ನರಳಿತು, ಬೆಟ್ಟ ಮುನಿಯಿತು ಎಂದರೆ, ಪರ್ಸಾನಿಫಿಕೇಷನ್. ಗುಣದ ನಿಜವಾದ ವಾರಸುದಾರ ಪಕ್ಕದಲ್ಲೇ ಇದ್ದು, ಅವನದ್ದು ಬೇರೆಯದಕ್ಕೆ ವರ್ಗವಾಗಿದ್ದರೆ ಟ್ರಾನ್ಸ್‌ಫರ್ಡ್ ಎಪಿಥೆಟ್.

ಎಲ್ಲರೂ ಒದ್ದಾಡುವ ಜೋಡಿ ಮೆಟಾನಮಿ ಮತ್ತು ಸಿನೆಕ್‌ಡಕಿ. ರಾಯರ ಪರೀಕ್ಷೆ ಒಂದೇ: ಹೇಳಿದ ವಸ್ತು, ಹೇಳಬೇಕಾದ ವಸ್ತುವಿನ ತುಂಡಾ? ಕೊಯ್ಲಿಗೆ ಹತ್ತು ಕೈ ಬೇಕು. ಕೈ ಮನುಷ್ಯನ ತುಂಡು, ಆದ್ದರಿಂದ ಸಿನೆಕ್‌ಡಕಿ. ಹೊಸ ಗಾಡಿಗೆ ‘ನ್ಯೂ ವೀಲ್ಸ್’ ಎಂದರೂ ಅದೇ. ಇಡಿಯನ್ನು ಹೇಳಿ ತುಂಡನ್ನು ಸೂಚಿಸಿದರೂ ಅದೇ: ಶಿವಮೊಗ್ಗ ಕ್ರಿಕೆಟ್‌ನಲ್ಲಿ ಗೆದ್ದಿತು ಎಂದರೆ ಆಡಿದ್ದು ಹನ್ನೊಂದು ಜನ. ವಿಧಾನಸೌಧ ತೀರ್ಮಾನಿಸಿತು ಎಂದರೆ ಕಲ್ಲಿನ ಕಟ್ಟಡ ಮಂತ್ರಿಯ ತುಂಡಲ್ಲ, ಬರೀ ಸಂಬಂಧ, ಆದ್ದರಿಂದ ಮೆಟಾನಮಿ.

“ಹಂಡೆ ಕುದೀತಾ ಉಂಟು ಅಂತೀವಲ್ಲ?” ಸೀತಣ್ಣ ಅಂಗಳದ ಒಲೆ ಕಡೆ ಕೈ ತೋರಿಸಿದ. ಅಡಿಕೆ ಬೇಯುತ್ತಿತ್ತು.

“ಮೆಟಾನಮಿ. ಕುದಿಯೋದು ಅಡಿಕೆ ಬೇಯೋ ಚೊಗರು ನೀರು, ಹೇಳೋದು ಹಂಡೆ. ಪಾತ್ರೆ ಹೆಸರು ಹೇಳಿ ಒಳಗಿನದ್ದನ್ನ ಸೂಚಿಸೋದು.”

“ಕನ್ನಡದಲ್ಲಿ ಇದು ಅಲಂಕಾರವೇ ಅಲ್ಲ,” ಅಂದರು ಶಾರದಕ್ಕ. “ಅಭಿಧೆ, ಲಕ್ಷಣೆ, ವ್ಯಂಜನೆ ಅಂತ ಶಬ್ದಶಕ್ತಿ ಮೂರು. ಇದು ಲಕ್ಷಣೆ. ‘ಗಂಗಾಯಾಂ ಘೋಷಃ’ ಅಂತ ಹಳೇ ಉದಾಹರಣೆ, ಗಂಗೆಯಲ್ಲಿ ಗೊಲ್ಲರಹಟ್ಟಿ. ಹೊಳೆ ನೀರಲ್ಲಿ ಹಟ್ಟಿ ನಿಲ್ಲೋದಿಲ್ಲ, ಅದಕ್ಕೆ ದಡ ಅಂತ ಅರ್ಥ ಮಾಡ್ಕೊಳ್ಬೇಕು. ಒಂದು ಕಡೆ ಅಲಂಕಾರದ ಪಾಠ, ಇನ್ನೊಂದು ಕಡೆ ಬೇರೆ ಪಾಠ. ಅದೇ ಥರ ಸದ್ದನ್ನೇ ಪದ ಮಾಡೋ ಆನೊಮಟೊಪಿಯ. ನೀವು ಅದನ್ನ ಫಿಗರ್ ಆಫ್ ಸ್ಪೀಚ್ ಅಂತೀರಿ, ನಾವು ಅನುಕರಣಾವ್ಯಯ ಅಂತ ವ್ಯಾಕರಣದಲ್ಲೇ ಹೇಳಿ ಮುಗಿಸ್ತೀವಿ.”

ಇಲ್ಲಿ ಇಂಗ್ಲಿಷಿಗೆ ಸೋಲೇ. ಪಿಟರ್ ಪ್ಯಾಟರ್, ಸ್ಪ್ಲಾಷ್, ಬಝ್, ಹಿಸ್ ಅಂತ ಅದೂ ಲೆಕ್ಕ ಕೊಡುತ್ತದೆ, ಆದರೆ ಮಳೆಯ ವಿಷಯದಲ್ಲಿ ಮಲೆನಾಡಿನ ಮುಂದೆ ಯಾರು ನಿಲ್ಲುತ್ತಾರೆ? ಧೋ ಎಂದು ಸುರಿಯುತ್ತದೆ, ಪಟಪಟ ಹನಿಯುತ್ತದೆ, ಹಂಚಿನಿಂದ ತೊಟತೊಟ ಬೀಳುತ್ತದೆ, ಹಳ್ಳ ಭೋರ್ ಎನ್ನುತ್ತದೆ. ರಾಯರು ಒಂದು ಸೂಕ್ಷ್ಮ ತೆಗೆದರು: ಜಿಟಿಜಿಟಿ ಶಬ್ದವಾ? ಜಿಟಿಜಿಟಿ ಮಳೆಗೆ ಸದ್ದೇ ಇಲ್ಲ, ಅದು ಬರುವ ರೀತಿ, ಅಂಗಿಗೆ ಅಂಟುವ ರೀತಿ. ಮಿಣಮಿಣ ಎನ್ನುವ ದೀಪಕ್ಕೂ ಸದ್ದಿಲ್ಲ. ಕಿವಿಗಲ್ಲದೆ ಕಣ್ಣಿಗೂ ಚರ್ಮಕ್ಕೂ ಅನುಕರಣೆ ಮಾಡುವ ಈ ಪದಗಳಿಗೆ ಶಾಲೆಯ ಇಂಗ್ಲಿಷ್ ಪಟ್ಟಿಯಲ್ಲಿ ಜಾಗವಿಲ್ಲ. ಆನೊಮಟೊಪಿಯ ಅಂದರೆ ಸದ್ದು ಕೇಳಲೇಬೇಕು.

ಪಕ್ಕದ ಪದಗಳು ಒಂದೇ ಧ್ವನಿಯಿಂದ ಶುರುವಾಗುವ ಅಲಿಟರೇಷನ್ನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಲ್ಲೂ ಎ, ಆ್ಯನ್ ಕತೆಯೇ, ಅಕ್ಷರವಲ್ಲ, ಧ್ವನಿ. ನೈಫ್‌ಗೂ ನೈಟ್‌ಗೂ ಅಲಿಟರೇಷನ್ ಆಗುತ್ತದೆ, ಸಿಟಿಗೂ ಕ್ಯಾಟ್‌ಗೂ ಆಗದು. ಅವರದ್ದು ಮೊದಲ ಧ್ವನಿಗೆ, ನಮ್ಮ ಹಳೆಯ ಪದ್ಯದ ಪ್ರಾಸ ಎರಡನೇ ಅಕ್ಷರಕ್ಕೆ.

ಆಕ್ಸಿಮೊರಾನ್ ಎರಡು ಪದದ ಜಗಳ, ಓಪನ್ ಸೀಕ್ರೆಟ್. ಪ್ಯಾರಡಾಕ್ಸ್ ಇಡೀ ವಾಕ್ಯದ ಜಗಳ. ಅಪಾಸ್ಟ್ರಫಿ ಎಂದರೆ ಎದುರಿಗಿಲ್ಲದವರನ್ನೋ ಉತ್ತರ ಕೊಡದ್ದನ್ನೋ ಕರೆದು ಮಾತಾಡಿಸುವುದು, ಓ ತುಂಗೆ ಅಂತ. ಕರೆದರೆ ಅಪಾಸ್ಟ್ರಫಿ, ಕರೆಯದೆ ಅವಳು ನಕ್ಕಳು ಎಂದರೆ ಪರ್ಸಾನಿಫಿಕೇಷನ್, ಪರೀಕ್ಷೆಗೆ ಇಷ್ಟು ಸಾಕು. ಅದೇ ಹೆಸರಿನ ಮೇಲುಕೊಂಬನ್ನು ಬಹುವಚನಕ್ಕೆ ಹಾಕಿ ಟಿಫನ್’ಸ್, ಜ್ಯೂಸ್’ಸ್ ಎಂದು ಬರೆಸುವ ಹೋಟೆಲಿನವರ ಬಗ್ಗೆ ರಾಯರು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

“ಲೈಟೊಟೀಸ್ ಮಾತ್ರ ಅರ್ಥ ಆಗ್ಲೇ ಇಲ್ಲ,” ಅಂದ ಸುಮಂತ.

“ನಿನಗೆ ಅರ್ಥ ಆಗದಿದ್ರೆ ಇನ್ಯಾರಿಗೆ ಆಗ್ತದೆ? ಮಲೆನಾಡಿನವರ ಮಾತೃಭಾಷೆ ಅದು,” ರಾಯರು ಉತ್ಸಾಹದಿಂದ ತಿರುಗಿ ಕೂತರು. “ಒಂದು ವಿಷಯವನ್ನ ಅದರ ವಿರುದ್ಧವನ್ನ ಅಲ್ಲಗಳೆದು ಹೇಳೋದು. ಚೆನ್ನಾಗಿದೆ ಅನ್ನೋ ಬದ್ಲು ‘ನಾಟ್ ಬ್ಯಾಡ್’. ಮದುವೆ ಊಟ ಹೆಂಗಿತ್ತು ಅಂದ್ರೆ ನಾವು ಎಂತ ಹೇಳ್ತೀವಿ?”

“ಅಡ್ಡಿಲ್ಲ.”

“ಹದಿನೆಂಟು ಬಗೆ ಬಡಿಸಿದ್ರೂ ಅಡ್ಡಿಲ್ಲ. ಮಗ ರ‍್ಯಾಂಕ್ ಬಂದ್ರೂ ತೊಂದ್ರೆ ಇಲ್ಲ. ಹುಡುಗಿ ಒಪ್ಪಿಗೆಯಾ ಅಂದ್ರೆ, ಬೇಡ ಅನ್ನೋ ಹಂಗೆಂತಿಲ್ಲ. ಹೊಗಳಿಕೆಯನ್ನ ಇಲ್ಲ ಅನ್ನೋ ಶಬ್ದದಿಂದ ಮಾಡೋ ಜನ ನಾವು.”

“ಆಗುಂಬೆಯವರು ‘ಸ್ವಲ್ಪ ಮಳೆ’ ಅಂತಾರಲ್ಲ, ಅದೂ ಲೈಟೊಟೀಸಾ?”

“ಅಲ್ಲ. ಅಲ್ಲಿ ಅಲ್ಲಗಳೆಯೋದು ಇಲ್ಲ, ಬರೀ ಕುಗ್ಗಿಸೋದು. ಅದು ಮಿಯೋಸಿಸ್, ಅಂಡರ್‌ಸ್ಟೇಟ್‌ಮೆಂಟ್. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟೋ ಊರಲ್ಲಿ ಕೂತು ಸ್ವಲ್ಪ ಅಂದ್ರೆ ಇನ್ನೇನು? ‘ಮಳೆ ಬರ್ಲೇ ಇಲ್ಲ ಅಂತೇನಿಲ್ಲ’ ಅಂದಿದ್ರೆ ಲೈಟೊಟೀಸ್.”

“ಬೆಂಗ್ಳೂರಲ್ಲಿ ಅರ್ಧ ಗಂಟೆ ಬಂದ್ರೆ ‘ಆಕಾಶ ಕಿತ್ಕೊಂಡು ಬಿತ್ತು’ ಅಂತ ಟೀವಿಯಲ್ಲಿ,” ನಾಗೇಂದ್ರ ಸೇರಿಸಿದ. “ಅದು ಹೈಪರ್ಬೊಲಿ, ಅಲ್ದಾ?”

“ಅಲ್ದಾ ಅಲ್ಲ, ಈಸಂಟ್ ಇಟ್. ಇಲ್ಲಿ ಅದು ಸರಿಯಾಗೇ ಕೂರ್ತದೆ.”

ಪಟ್ಟಿಯಲ್ಲಿ ಉಳಿದದ್ದು ಝೂಗ್ಮಾ. ಒಂದೇ ಕ್ರಿಯಾಪದ ಎರಡು ಕರ್ಮ ಎಳೆಯುತ್ತದೆ, ಒಂದೊಂದಕ್ಕೆ ಒಂದೊಂದು ಅರ್ಥದಲ್ಲಿ. ‘ಹಿ ಲಾಸ್ಟ್ ಹಿಸ್ ಅಂಬ್ರೆಲ್ಲಾ ಆ್ಯಂಡ್ ಹಿಸ್ ಟೆಂಪರ್.’ ಛತ್ರಿ ಕಳೆದದ್ದು ಒಂದು ಬಗೆ, ತಾಳ್ಮೆ ಕಳೆದದ್ದು ಇನ್ನೊಂದು ಬಗೆ. ಎರಡೂ ಒಂದೇ ಅರ್ಥದಲ್ಲಿ ಹೊಂದಿದರೆ, ಛತ್ರಿ ಮತ್ತು ಪರ್ಸ್ ಕಳೆದ ಎಂದರೆ, ಝೂಗ್ಮಾ ಅಲ್ಲ, ಬರೀ ನಷ್ಟ.

“ಕನ್ನಡದಲ್ಲಿ ತಿನ್ನು, ಹಾಕು, ಹೊಡಿ ಇರೋ ತನಕ ಇದಕ್ಕೆ ಬರಗಾಲ ಇಲ್ಲ,” ಶಾರದಕ್ಕ ಅಂದರು. “ಅವ ಕೊಟ್ಟೆ ಕಡುಬನ್ನೂ ಬೈಗುಳವನ್ನೂ ಹೊಟ್ಟೆ ತುಂಬಾ ತಿಂದ.”

ಸೀತಣ್ಣ ಕತ್ತಿ ಬಿಟ್ಟು ಯೋಚಿಸಿದ. “ಎಲೆಕ್ಷನ್ನಲ್ಲಿ ನಾವು ಓಟು ಹಾಕಿದ್ವಿ, ಅವ ಟೋಪಿ.”

“ಪಾಸ್,” ಅಂದರು ರಾಯರು.

“ಯಾರು ಟೋಪಿ ಹಾಕಿದ್ದು?” ಸುಮಂತ ಪೆನ್ನು ಹಿಡಿದು ಕೇಳಿದ.

“ಎ ಯಮ್ಮೆಲ್ಲೆ,” ಎಂದ ನಾಗೇಂದ್ರ.